ಕೆಂಪುಗೆರೆಯೊಳಗಿನ ಹೂಕುಂಡ

ಕರಿದಿಬ್ಬ ಗಣರಾಜ್ಯದ ಮೂರು ವರ್ಷಗಳ ಇತಿಹಾಸದಲ್ಲಿ, ಸಂವಿಧಾನ ರಚನೆಯನ್ನು ಬಿಟ್ಟರೆ, ಇಷ್ಟು ಗಂಭೀರವಾದ ಪ್ರಶ್ನೆ ಇನ್ನೊಂದು ಎದ್ದಿರಲಿಲ್ಲ: ನ್ಯಾಯಾಲಯದ ಜಗಲಿಯ ಮೇಲಿದ್ದ ಹೂಕುಂಡವನ್ನು ನಾಲ್ಕಡಿ ಎಡಕ್ಕೆ ಸರಿಸಬಹುದೇ, ಸರಿಸಬಾರದೇ? ಈ ಕುರಿತು ಒಂದು ಅರ್ಜಿ, ಎರಡು ತಕರಾರು, ಮೂವರು ತಜ್ಞರ ಒಂದು ವರದಿ ಮತ್ತು ನಲವತ್ತೊಂದು ಪುಟಗಳ ತೀರ್ಪು ಈಗ ದಾಖಲೆ ಕೋಣೆಯಲ್ಲಿವೆ. ಕುಂಡ ಸಾಧಾರಣ ಮಣ್ಣಿನದು, ಹೊರಮೈಗೆ ಸುಣ್ಣ ಬಳಿದದ್ದು. ಅದರಲ್ಲಿದ್ದದ್ದು ಬಿಳಿ ನಿತ್ಯಪುಷ್ಪದ ಗಿಡ. ಗಿಡದ ಮೇಲೆ ಯಾರ ತಕರಾರೂ ಇರಲಿಲ್ಲ.

ಕರಿದಿಬ್ಬ ಒಂದು ದ್ವೀಪ. ಅದರ ದಂಡೆಯ ಮರಳು ಕಪ್ಪು, ತೂಕದ್ದು, ಬೆಲೆಬಾಳುವಂಥದ್ದು. ಒಳಗೆ ಥೋರಿಯಂ ಇದೆ. ನಲವತ್ತು ವರ್ಷ ಒಂದು ಕಂಪನಿ ಅದನ್ನು ಬಾಚಿತು. ಬಾಚಲು ಕುಮಟಾ, ಹೊನ್ನಾವರ, ಅಂಕೋಲೆಯ ಕಡೆಯಿಂದ ಜನರನ್ನು ತಂದಿತು, ಅವರಿಗೆ ಸಾಲುಮನೆ ಕಟ್ಟಿಸಿತು, ಮಕ್ಕಳಿಗೆ ಶಾಲೆ ತೆರೆಯಿತು, ಕೊನೆಗೆ ಒಬ್ಬ ಜಡ್ಜನ್ನೂ ತಂದು ಕೂರಿಸಿತು. ಆ ಜಡ್ಜಿನ ಮೇಜಿನ ಮೇಲೆ ಒಂದು ಕರಿ ಟೆಲಿಫೋನು. ವಾದ ಮುಗಿದ ಮೇಲೆ ಅವರು ಹತ್ತು ನಿಮಿಷ ಬಿಡುವು ಕೊಡುತ್ತಿದ್ದರು. ಒಳಗೆ ಟೆಲಿಫೋನಿನ ಗಂಟೆ ಹೊಡೆಯುವುದು ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಗಂಟೆ ನಿಂತ ಮೇಲೆ ತೀರ್ಪು ಬರುತ್ತಿತ್ತು. ತಪ್ಪಿತಸ್ಥರನ್ನು ಒಣಗಿರಣಿಗೆ ಕಳಿಸುತ್ತಿದ್ದರು. ಮರಳನ್ನು ಒಣಗಿಸಿ, ಜರಡಿ ಹಿಡಿದು, ಥೋರಿಯಂ ಇರುವ ಕಾಳನ್ನು ಬೇರೆ ಮಾಡುವ ಜಾಗ ಅದು. ಅಲ್ಲಿ ಗಾಳಿಗಿಂತ ಧೂಳು ಜಾಸ್ತಿ.

ಕಂಪನಿಯನ್ನು ಓಡಿಸಿದ ದಿನ ಜನ ಮೊದಲು ಕಡಲಿಗೆ ಎಸೆದದ್ದು ಆ ಟೆಲಿಫೋನನ್ನು. ಆಮೇಲೆ ಕೂತು ಸಂವಿಧಾನ ಬರೆದರು. ಅದರ ಒಂಬತ್ತನೆಯ ವಿಧಿಯನ್ನು ದ್ವೀಪದ ಮಕ್ಕಳೂ ಬಾಯಿಪಾಠ ಹೇಳುತ್ತವೆ: ‘ಯಾವ ಮೊಕದ್ದಮೆ ಯಾವ ನ್ಯಾಯಾಧೀಶರ ಮುಂದೆ ಹೋಗಬೇಕೆಂಬುದನ್ನು ಯಾವ ಮನುಷ್ಯನೂ ನಿರ್ಧರಿಸತಕ್ಕದ್ದಲ್ಲ.’

ಮನುಷ್ಯ ನಿರ್ಧರಿಸಕೂಡದು ಎಂದಾದರೆ ಯಂತ್ರ ಬೇಕು. ಕಂಪ್ಯೂಟರು ಬೇಡವೆಂದರು, ಅದರ ಹೊಟ್ಟೆಯಲ್ಲಿ ಯಾರು ಕೂತಿದ್ದಾರೆಂದು ನೋಡಲಾಗುವುದಿಲ್ಲ. ಕಂಪನಿಯ ಹಳೆಯ ಹೊಗೆ-ಎಚ್ಚರಿಕೆ ಗಂಟೆಯೊಂದನ್ನು ಒಡೆದು ಅದರೊಳಗಿನ ಸಾಸಿವೆ ಗಾತ್ರದ ಅಮೆರಿಸಿಯಂ ಚೂರನ್ನು ತೆಗೆದರು. ಅದರ ಮುಂದೆ ವಿಕಿರಣ ಅಳೆಯುವ ಕೊಳವೆಯೊಂದನ್ನು ನಿಲ್ಲಿಸಿದರು. ಚೂರಿನ ಅಣುಗಳು ತಮಗೆ ಬೇಕಾದಾಗ ಒಡೆಯುತ್ತವೆ; ಯಾರ ಮಾತನ್ನೂ ಕೇಳುವುದಿಲ್ಲ, ಯಾರ ಟೆಲಿಫೋನನ್ನೂ ಎತ್ತುವುದಿಲ್ಲ. ಒಂದು ಒಡೆದರೆ ಒಂದು ‘ಟಿಕ್’. ನಿಮಿಷಕ್ಕೆ ಸರಾಸರಿ ಇಪ್ಪತ್ತು. ಹದಿನೇಳರವರೆಗೆ ಬಂದರೆ ಮೊಕದ್ದಮೆ ಒಂದನೆಯ ಪೀಠಕ್ಕೆ. ಹದಿನೆಂಟರಿಂದ ಇಪ್ಪತ್ತೊಂದಾದರೆ ಎರಡನೆಯದಕ್ಕೆ. ಇಪ್ಪತ್ತೆರಡು ಅಥವಾ ಮೇಲಾದರೆ ಮೂರನೆಯದಕ್ಕೆ. ಹೆಚ್ಚುಕಡಿಮೆ ಸಮಪಾಲು. ದ್ವೀಪದ ನೆಲವೇ ಸ್ವಲ್ಪ ಸ್ವಲ್ಪ ಟಿಕ್ಕೆನ್ನುವಂಥದ್ದಾದ್ದರಿಂದ ಪೆಟ್ಟಿಗೆಯ ತಳಕ್ಕೆ ದಪ್ಪ ಸೀಸದ ಹಲಗೆ ಹಾಕಿದರು. ನಾಲ್ಕು ಬದಿಗೆ ಮಾತ್ರ ಗಾಜು. ಜನರಿಗೆ ಒಳಗಿನದೆಲ್ಲ ಕಾಣಬೇಕಲ್ಲ, ಅದಕ್ಕೆ.

ದಾಖಲೆಯಲ್ಲಿ ಇದರ ಹೆಸರು ಹಂಚಿಕೆ ಯಂತ್ರ. ಜನ ಕರೆದದ್ದು ಟಿಕ್‌ಪೆಟ್ಟಿಗೆ ಎಂದು. ಬೆಳಿಗ್ಗೆ ಹತ್ತಕ್ಕೆ ಜಗಲಿಯ ಮುಂದೆ ಜನ ಸೇರುತ್ತಿದ್ದರು. ರಿಜಿಸ್ಟ್ರಾರ್ ಮೊಕದ್ದಮೆಯ ಹೆಸರು ಕೂಗಿ, ಮರಳಿನ ಗಡಿಯಾರ ಮಗುಚುತ್ತಿದ್ದರು. ಪ್ರತಿ ಟಿಕ್ಕಿಗೂ ಜನ ಒಟ್ಟಾಗಿ ಎಣಿಸುತ್ತಿದ್ದರು. ಒಂದು ನಿಮಿಷ ದ್ವೀಪದಲ್ಲಿ ಬೇರೆ ಸದ್ದಿಲ್ಲ. ಕಡಿಮೆ ಬರಲೆಂದು ಉಸಿರು ಬಿಗಿಹಿಡಿಯುವವರಿದ್ದರು. ಹೆಚ್ಚು ಬರಲೆಂದು ಹೆಬ್ಬೆರಳು ಕುಣಿಸುವವರಿದ್ದರು. ಮೀನು ಮಾರುವ ಹೊನ್ನಿ ತನ್ನ ಗೋಡೆಯ ಜಗಳದ ಕೇಸಿಗೆ ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸದೆ ನಿಂತಿದ್ದಳು. ಇಳಿಸಿದರೆ ಲೆಕ್ಕ ಇಳಿಯುತ್ತದೆಂದು ಅವಳ ನಂಬಿಕೆ. ಕಂಪನಿ ಜಡ್ಜಿನ ಟೆಲಿಫೋನು ಕೇಳಿ ಬೆಳೆದವರಿಗೆ ಈ ಟಿಕ್ ಟಿಕ್ ದೇವರ ಗಂಟೆಗಿಂತ ಹೆಚ್ಚು.

ಮೊದಲ ವರ್ಷ ಯಾರೋ ಪೆಟ್ಟಿಗೆಗೆ ಕೊಡೆ ಒರಗಿಸಿಟ್ಟು ಹೋದರು. ದೊಡ್ಡ ಗದ್ದಲವಾಯಿತು. ಆ ಮೇಲೆ ಪೆಟ್ಟಿಗೆಯ ಸುತ್ತ ಐದಡಿಗೆ ಕೆಂಪುಗೆರೆ ಎಳೆದು ಕಾಯಿದೆ ಮಾಡಿದರು: ಗೆರೆಯೊಳಗೆ ಮೂವರೂ ನ್ಯಾಯಾಧೀಶರ ಲಿಖಿತ ಅಪ್ಪಣೆಯಿಲ್ಲದೆ ಯಾರೂ ಏನನ್ನೂ ಇಡತಕ್ಕದ್ದಲ್ಲ, ಇಟ್ಟದ್ದನ್ನು ನ್ಯಾಯಾಲಯದ ಆದೇಶವಿಲ್ಲದೆ ತೆಗೆಯತಕ್ಕದ್ದಲ್ಲ, ಸರಿಸತಕ್ಕದ್ದಲ್ಲ.

ಎರಡನೆಯ ಗಣರಾಜ್ಯ ದಿನದಂದು ಅಧ್ಯಕ್ಷರು ಒಂದು ಹೂಕುಂಡ ತಂದರು. “ನಮ್ಮ ನೆಲದ ಮಣ್ಣು, ನಮ್ಮ ನೆಲದ ಹೂವು, ನಮ್ಮ ನ್ಯಾಯದ ಪಕ್ಕದಲ್ಲಿ” ಎಂದು ಭಾಷಣ ಮಾಡಿದರು. ಮೂವರೂ ನ್ಯಾಯಾಧೀಶರು ಸಹಿ ಹಾಕಿದರು. ಕುಂಡವನ್ನು ಗೆರೆಯೊಳಗೆ, ಪೆಟ್ಟಿಗೆಯಿಂದ ಮೂರಡಿ ದೂರದಲ್ಲಿ ಇಟ್ಟರು. ಜನ ಚಪ್ಪಾಳೆ ತಟ್ಟಿದರು. ಆ ಮೇಲೆ ಜವಾನ ದಿನಾ ಗೆರೆಯ ಹೊರಗೆ ನಿಂತು, ಉದ್ದ ಮೂತಿಯ ಝಾರಿಯಿಂದ ಗಿಡಕ್ಕೆ ನೀರು ಹಾಕುತ್ತಿದ್ದ. ಕಾಯಿದೆ ಎಂದರೆ ಕಾಯಿದೆ.

*

ಪೆಟ್ಟಿಗೆಯನ್ನು ನೋಡಿಕೊಳ್ಳುವವನು ಗಿರಿಯಣ್ಣ ಅಂಬಿಗ. ಕಂಪನಿಯ ಕಾಲದಲ್ಲಿ ಕೈಯಲ್ಲಿ ಮೀಟರು ಹಿಡಿದು ಗಿರಣಿ ಸುತ್ತಿ, ಎಲ್ಲಿ ಎಷ್ಟು ವಿಕಿರಣ ಇದೆಯೆಂದು ಬರೆದುಕೊಡುವುದು ಅವನ ಕೆಲಸ. ಬರೆದದ್ದನ್ನು ಕಂಪನಿ ಬಹಳ ಜೋಪಾನವಾಗಿ ಬೀರುವಿನಲ್ಲಿ ಇಡುತ್ತಿತ್ತು. ಗಣರಾಜ್ಯದಲ್ಲಿ ಅವನಿಗೆ ‘ಎಣಿಕೆ ಅಧಿಕಾರಿ’ ಎಂಬ ಹೆಸರು, ಒಂದು ಕೋಣೆ, ಒಂದು ದಪ್ಪ ಪುಸ್ತಕ ಸಿಕ್ಕಿತು. ಪ್ರತಿ ಮೊಕದ್ದಮೆಗೆ ಬಂದ ಟಿಕ್ಕುಗಳನ್ನು ಅದರಲ್ಲಿ ಬರೆಯುತ್ತಿದ್ದ. ಅಕ್ಷರ ಮುತ್ತಿನಂತೆ.

ಕುಂಡ ಬಂದ ಮೂರೇ ವಾರಕ್ಕೆ ಅವನಿಗೆ ಗೊತ್ತಾಯಿತು. ಸರಾಸರಿ ಇಪ್ಪತ್ತಿದ್ದದ್ದು ಇಪ್ಪತ್ತಾರು, ಇಪ್ಪತ್ತೇಳಕ್ಕೆ ಏರಿತ್ತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ‘ಗಮನಿಸುವುದು’ ಎಂದು ಬರೆದ. ಮೂವತ್ತು ಎಣಿಕೆಯಲ್ಲಿ ಏರುಪೇರು ಸಹಜ, ನೂರಾಗಲಿ, ಆಗ ಹೇಳೋಣ ಎಂದುಕೊಂಡ. ನೂರಾದಾಗ ರಿಜಿಸ್ಟ್ರಾರ್ ಗುನಗರ ಕಿವಿಗೆ ಮೆಲ್ಲಗೆ ಹಾಕಿದ. ಅವರು, “ಇನ್ನೂರಾಗ್ಲಿ ಗಿರಿಯಣ್ಣ. ಇನ್ನೂರಾದ್ರೆ ಯಾರೂ ಎದುರು ಮಾತಾಡೂದಿಲ್ಲ” ಎಂದರು. ಗಿರಿಯಣ್ಣನಿಗೆ ಅದು ಸರಿಯೆನಿಸಿತು. ಶಾಸ್ತ್ರೀಯವಾಗಿಯೂ ಇತ್ತು.

ಜನರಿಗೆ ಏನೂ ಅನಿಸಲಿಲ್ಲ. ಏಳರಲ್ಲಿ ಆರು ಕೇಸು ಮೂರನೆಯ ಪೀಠಕ್ಕೆ ಹೋಗುತ್ತಿದ್ದವು, ನಿಜ. ಆದರೆ ಮೂರನೆಯ ಪೀಠದ ವಾಮನರಾಯರೆಂದರೆ ಜನರಿಗೆ ಇಷ್ಟ. ಗೋಡೆ, ದೋಣಿ, ಬಲೆಯ ಜಗಳಗಳನ್ನು ಅವರು ಒಂದೇ ದಿನದಲ್ಲಿ ಮುಗಿಸುತ್ತಿದ್ದರು, ಅದೂ ನಗಿಸುತ್ತ. ಸರ್ಕಾರ ಒಂದು ಕಡೆ ಇದ್ದಾಗ ಮಾತ್ರ ಅವರು ನಗಿಸುತ್ತಿರಲಿಲ್ಲ, ಸರ್ಕಾರವೇ ಗೆಲ್ಲುತ್ತಿತ್ತು. ಸರ್ಕಾರದ ಕೇಸು ಎಷ್ಟು ಮಂದಿಗಿರುತ್ತದೆ? “ವಾಮನರಾಯರ ದಶೆ ಜೋರದೆ” ಎಂದು ಚಹದ ಅಂಗಡಿಯಲ್ಲಿ ಮಾತಾಡಿಕೊಂಡರು, ಅಷ್ಟೆ.

ಇಂಥ ದಿನಗಳಲ್ಲಿ ಒಂದು ಸಂಜೆ ಗುಲಾಬಿ ಬಂದಳು. ಅವಳು ಗಿರಿಯಣ್ಣನ ಹೆಂಡತಿ ಮಂಕಾಳಿಯ ತಂಗಿ, ಪಕ್ಕದ ಸಾಲುಮನೆಯವಳು. ಗಂಡ ಕಂಪನಿ ಕಾಲದಲ್ಲಿ ಒಣಗಿರಣಿಯ ಧೂಳಿಗೆ ಹೋದವನು. ಅವಳಿಗೆ ಕಡಲ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮಡಿಲಿನಿಂದ ಒಂದು ಹಾಳೆ ತೆಗೆದು ಊಟದ ಮಣೆಯ ಪಕ್ಕ ಇಟ್ಟಳು.

“ಎಂತದೇ ಇದು?” ಮಂಕಾಳಿ ಒಲೆಯ ಮುಂದಿನಿಂದಲೇ ಕೇಳಿದಳು.

“ನೀರಿನ ಲೆಕ್ಕ ಅಕ್ಕ. ಹನ್ನೊಂದು ತಿಂಗಳಿಂದ ಸೋಸೂ ಪರದೆ ಬದಲಾಯ್ಸಲಿಲ್ಲ. ಹೊಸತು ಬಂತು ಅಂತ ಕಾಗದದಲ್ಲಿ ಅದೆ. ತಂದುಕೊಡೂದು ಯಾರು? ಅಧ್ಯಕ್ಷರ ತಮ್ಮ. ಪೆಟ್ಟಿಗೆ ಬಿಚ್ಚಿದ್ರೆ ಒಳಗೆ ಹಳೇ ಪರದೆನೇ, ತೊಳೆದು ಹಾಕಿದ್ದು.” ಗುಲಾಬಿ ಗಿರಿಯಣ್ಣನ ಕಡೆ ತಿರುಗಿದಳು. “ಆಸ್ಪತ್ರೆಯಲ್ಲಿ ಹದಿಮೂರು ಮಕ್ಕಳು ಮಲಗಿದೊ ಭಾವ. ಇದನ್ನ ಪೇಟೆ ಬೋರ್ಡಿಗೆ ಹಚ್ಚಿದ್ರೆ ನನ್ನ ಎಂತ ಮಾಡ್ತ್ರು?”

“ಎಂತ ಮಾಡ್ತ್ರು? ಹೆಚ್ಚಂದ್ರೆ ಕೇಸು ಹಾಕ್ತ್ರು.”

“ಹಾಕಿದ್ರೆ?”

“ಹಾಕಿದ್ರೆ ಕೋರ್ಟಿಗೆ ಬತ್ತದೆ. ನಮ್ಮ ಕೋರ್ಟು ಕಂಪನಿ ಕೋರ್ಟಲ್ಲ ಮಾರಾಯ್ತಿ. ಹೆದರೂದು ಎಂತಕ್ಕೆ? ನಾನಿಲ್ವಾ ಅಲ್ಲಿ?”

“ನೀವಿದ್ದು ಎಂತ ಮಾಡ್ತ್ರಿ?” ಮಂಕಾಳಿ ಅಂದಳು. “ಟಿಕ್ ಟಿಕ್ ಅಂದದ್ದು ಬರೀತ್ರಿ.”

ಗುಲಾಬಿ ನಕ್ಕಳು. ಗಿರಿಯಣ್ಣನೂ ನಕ್ಕ. ಪುಸ್ತಕದ ಅಂಚಿನ ಪೆನ್ಸಿಲಿನ ಅಕ್ಷರ ಅವನಿಗೆ ಆಗ ನೆನಪಾಯಿತೋ ಇಲ್ಲವೋ, ಅದನ್ನು ಅವನು ಆಮೇಲೆ ಯಾರಿಗೂ ಸ್ಪಷ್ಟವಾಗಿ ಹೇಳಲಿಲ್ಲ. ಆ ಹೊತ್ತಿಗೆ ಎಣಿಕೆ ನೂರ ತೊಂಬತ್ತು ಆಗಿತ್ತು. ಇನ್ನೂರಕ್ಕೆ ಹತ್ತು ಕಡಿಮೆ.

ಸೋಮವಾರ ಗುಲಾಬಿ ಹಾಳೆ ಹಚ್ಚಿದಳು. ಮಂಗಳವಾರ ಅವಳನ್ನು ಹಿಡಿದರು. ‘ಗಣರಾಜ್ಯದ ಬುನಾದಿಯನ್ನು ಅಲುಗಾಡಿಸುವ ಸುಳ್ಳು ಸುದ್ದಿ’ ಎಂಬುದು ಆರೋಪ. ಸಾಬೀತಾದರೆ ಹನ್ನೆರಡು ವರ್ಷ ಒಣಗಿರಣಿ. ಕಂಪನಿಯ ಕಾಯಿದೆಗಳಲ್ಲಿ ಹೊಸ ಸರ್ಕಾರ ಬದಲಾಯಿಸದೆ ಉಳಿಸಿಕೊಂಡದ್ದು ಕೆಲವೇ ಕೆಲವು, ಅವುಗಳಲ್ಲಿ ಇದೊಂದು. ಒಣಗಿರಣಿಯಲ್ಲಿ ಹನ್ನೆರಡು ವರ್ಷ ಬಾಳಿದವರು ಯಾರೂ ಇರಲಿಲ್ಲವಾದ್ದರಿಂದ ಶಿಕ್ಷೆ ಪೂರೈಸಿದ ಮೇಲೆ ಏನು ಮಾಡಬೇಕೆಂದು ಕಾಯಿದೆ ಹೇಳಿರಲಿಲ್ಲ.

ಗುರುವಾರ ಎಣಿಕೆ. ಜಗಲಿಯ ಮುಂದೆ ಇಡೀ ದ್ವೀಪ ಸೇರಿತ್ತು. ಗುಲಾಬಿಯನ್ನು ಪಕ್ಕದ ಸುಂಕದ ಕಟ್ಟೆಯ ಕೋಣೆಯಲ್ಲಿ ಕೂಡಿಹಾಕಿದ್ದರು. ಕಿಟಕಿಯಿಂದ ಅವಳ ಮುಖ ಕಾಣುತ್ತಿತ್ತು. ಗುನಗರು ಗಡಿಯಾರ ಮಗುಚಿದರು. ಜನ ಎಣಿಸತೊಡಗಿದರು. ಹದಿನೈದು ದಾಟುವಾಗ ಗಡಿಯಾರದಲ್ಲಿ ಇನ್ನೂ ಅರ್ಧ ಮರಳಿತ್ತು. ಇಪ್ಪತ್ತೆರಡು ಆದಾಗ ಕೆಲವರು ಎಣಿಸುವುದನ್ನು ನಿಲ್ಲಿಸಿದರು. ಮಂಕಾಳಿ ಕೊನೆಯವರೆಗೆ ಎಣಿಸಿದಳು: ಇಪ್ಪತ್ತೆಂಟು.

ಮನೆಗೆ ಬಂದ ಗಂಡನಿಗೆ ಅವಳು ಅನ್ನ ಬಡಿಸಿ, ಎದುರು ಕೂತಳು.

“ವಾಮನರಾಯರಿಗೇ ಬಂತು.”

“ಹೌದು.”

“ಈಚೆಗೆ ಎಲ್ಲವೂ ಅವರಿಗೇ ಬತ್ತದೆ. ಚಹದಂಗಡಿ ಬೊಮ್ಮನಿಗೂ ಗೊತ್ತದೆ. ನಿಮ್ಗೆ ಗೊತ್ತಿಲ್ವಾ?”

ಗಿರಿಯಣ್ಣ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಆಮೇಲೆ ಹೇಳಿದ. ಮೂರನೆಯ ವಾರ, ಪೆನ್ಸಿಲು, ನೂರು, ಇನ್ನೂರು, ಎಲ್ಲ. ಮುಗಿದ ಮೇಲೆ ಮಂಕಾಳಿ ಎದ್ದು, ಅವನ ತಟ್ಟೆ ಎತ್ತಿಕೊಂಡು ಹೋದಳು. ಅನ್ನ ಇನ್ನೂ ಹಾಗೆಯೇ ಇತ್ತು.

*

ಮರುದಿನ ಮಧ್ಯಾಹ್ನ ಕಚೇರಿಯವರೆಲ್ಲ ಊಟಕ್ಕೆ ಹೋದಾಗ ಗಿರಿಯಣ್ಣ ತನ್ನ ಹಳೆಯ ಮೀಟರು ತೆಗೆದ. ಗೆರೆ ದಾಟುವಂತಿಲ್ಲ. ಅದಕ್ಕೆ ಮೀಟರಿನ ಕೊಳವೆಯನ್ನು ಒಂದು ಗಾಳದ ಕೋಲಿನ ತುದಿಗೆ ಕಟ್ಟಿ, ಗೆರೆಯ ಹೊರಗೆ ಮಂಡಿಯೂರಿ, ಕೋಲನ್ನು ಮೆಲ್ಲಗೆ ಕುಂಡದ ಕಡೆ ಚಾಚಿದ. ಅಂಗಳದ ಉಳಿದ ಕುಂಡಗಳ ಪಕ್ಕ ಅದು ಆಗೊಮ್ಮೆ ಈಗೊಮ್ಮೆ ಟಿಕ್ಕೆಂದಿತ್ತು. ಈ ಕುಂಡದ ಬುಡಕ್ಕೆ ಬಂದಾಗ ಟಿಕ್ಕುಗಳು ಒಂದಕ್ಕೊಂದು ಅಂಟಿಕೊಂಡು, ಎಣ್ಣೆಗೆ ಸಾಸಿವೆ ಹಾಕಿದಂತಾದವು.

ಅವನಿಗೆ ಮೀಟರಿನ ಮುಳ್ಳು ನೋಡುವ ಅಗತ್ಯವಿರಲಿಲ್ಲ. ಇಪ್ಪತ್ತೆರಡು ವರ್ಷ ಕೇಳಿದ ಸದ್ದು. ದಂಡೆಯ ಮರಳು ಹೀಗೆ ಕೂಗುವುದಿಲ್ಲ. ಒಣಗಿರಣಿಯ ಕೊನೆಯ ಜರಡಿಯಿಂದ ಇಳಿಯುವ ಕಾಳು ಮಾತ್ರ ಹೀಗೆ ಕೂಗುತ್ತದೆ. ಮೇಲೆ ನಾಲ್ಕು ಬೆರಳು ಕೆಂಪುಮಣ್ಣು, ಕೆಳಗೆ ಎರಡು ಸೇರು ಕಾಳು. ಮೂರಡಿ ದೂರದಿಂದ, ಗಾಜಿನ ಮೂಲಕ, ನಿಮಿಷಕ್ಕೆ ಏಳು ಹೆಚ್ಚುವರಿ ಟಿಕ್ಕು. ಪೆಟ್ಟಿಗೆಗೆ ಯಾರೂ ಕೈ ಹಚ್ಚಿರಲಿಲ್ಲ. ಅದು ತನ್ನ ಮುಂದೆ ಇದ್ದದ್ದನ್ನೆಲ್ಲ ಪ್ರಾಮಾಣಿಕವಾಗಿ ಎಣಿಸಿತ್ತು.

ಗುನಗರು ಊಟ ಮುಗಿಸಿ ಬಂದು, ಅವನ ಮಾತನ್ನೆಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ವಿಚಾರಿಸಿದರು:

“ಕೋಲು ಗೆರೆ ದಾಟಿತಾ?”

“ದಾಟಿತು.”

“ವಾಪಸ್ ತೆಗೆದ್ರಿ?”

“ತೆಗೆಯದೆ ಮತ್ತೆ?”

“ಹಂಗಾದ್ರೆ ಎರಡು ಅಪರಾಧ. ಇಟ್ಟದ್ದು ಒಂದು, ತೆಗೆದದ್ದು ಒಂದು.” ಎಲೆ ಬಾಯಿಗೆ ಹೋಯಿತು. “ನಾನು ಕೇಳಲಿಲ್ಲ, ನೀವು ಹೇಳಲಿಲ್ಲ.”

“ಕುಂಡ ತೆಗೆಸಿ ಗುನಗರೆ. ಗುಲಾಬಿ ಕೇಸು ಮತ್ತೆ ಎಣಿಸ್ಲಿ.”

“ನಾ ತೆಗೆಸಿದ್ರೆ ನನ್ನ ಮೇಲೆ ಕೇಸು. ಆ ಕೇಸು ಯಾರಿಗೆ ಹೋಗ್ತದೆ ಅಂತ ನೀವೇ ಈಗ ಹೇಳಿದ್ರಿ. ಒಂದು ಅರ್ಜಿ ಹಾಕಿ.”

“ಅರ್ಜಿ ಯಾರ ಮುಂದೆ ಬತ್ತದೆ?”

“ಎಣಿಕೆಯಲ್ಲಿ ಬಂದವರ ಮುಂದೆ.”

“ಎಣಿಕೆ ಕೆಟ್ಟದೆ ಅಂತ್ಲೇ ಅರ್ಜಿ!”

“ಕೆಟ್ಟದೆ ಅಂತ ಕೋರ್ಟು ಹೇಳೂವರೆಗೆ ಅದು ಸರಿಯಾಗೇ ಇದೆ, ಗಿರಿಯಣ್ಣ.” ಗುನಗರು ಕೆಟ್ಟ ಮನುಷ್ಯರಲ್ಲ. ದನಿ ತಗ್ಗಿಸಿ ಒಂದು ಒಳ್ಳೆಯ ಸಲಹೆಯನ್ನೂ ಕೊಟ್ಟರು. “ಮತ್ತೊಂದು. ಅರ್ಜಿಯಲ್ಲಿ ನಾದಿನಿ ಹೆಸರು ಎತ್ತಬೇಡಿ. ಸ್ವಂತಕ್ಕೆ ಮಾಡ್ತ್ರು ಅಂತಾರೆ. ಬರೀ ಕುಂಡದ್ದು ಬರೀರಿ. ಶುದ್ಧವಾಗಿರ್ಲಿ.”

ಗಿರಿಯಣ್ಣ ಶುದ್ಧವಾಗಿ ಬರೆದ. ಕುಂಡವನ್ನು ಗೆರೆಯ ಹೊರಗೆ, ಅಂದರೆ ನಾಲ್ಕಡಿ ಎಡಕ್ಕೆ, ಸರಿಸಬೇಕೆಂದು ಪ್ರಾರ್ಥನೆ. ಅಕ್ಷರ ಮುತ್ತಿನಂತೆ.

ಅರ್ಜಿಯ ಎಣಿಕೆ ಸೋಮವಾರ. ಅವನು ಮನೆಯಲ್ಲಿ ಮಂಕಾಳಿಗೆ ಹೇಳಿದ್ದ: “ವಾಮನರಾಯರನ್ನು ತಪ್ಪಿಸ್ಕೊಳ್ಳೂ ಅವಕಾಶ ಏಳರಲ್ಲಿ ಒಂದು.” ಮಂಕಾಳಿ ಗುರುವಾರದಿಂದ ಅವನ ಜೊತೆ ಮಾತಾಡಿರಲಿಲ್ಲ. ಅಂದು ಮಾತ್ರ ಬುಟ್ಟಿಯಲ್ಲಿ ತಂಗಿಗೆ ಊಟ ಕಟ್ಟಿಕೊಂಡು ಜೊತೆಗೆ ಬಂದಳು.

ಗಡಿಯಾರ ಮಗುಚಿತು. ಟಿಕ್ಕುಗಳು ಯಾವಾಗಿನಂತೆ ಓಡಿದವು. ಹದಿನಾರು, ಹದಿನೇಳು. ಇನ್ನೂ ಕಾಲುಭಾಗ ಮರಳು. ಹದಿನೆಂಟು. ಆಮೇಲೆ ಒಂದು ದೀರ್ಘವಾದ ಮೌನ. ಅಣುಗಳಿಗೆ ಏನಾಯಿತೋ, ಒಮ್ಮೆಲೇ ಸುಮ್ಮನಾದವು. ಸಮುದ್ರದ ಸದ್ದು ಕೇಳಿತು. ಹತ್ತೊಂಬತ್ತು. ಮರಳಿನ ಕೊನೆಯ ಎಳೆ ಇಳಿಯುತ್ತಿರುವಾಗ ಇಪ್ಪತ್ತು. ಅಷ್ಟೆ.

“ಎರಡನೇ ಪೀಠ!” ಗುನಗರು ಕೂಗಿದರು.

ಸುಂಕದ ಕಟ್ಟೆಯ ಕಿಟಕಿಯಿಂದ ಒಂದು ಕೈ ಹೊರಬಂದು ಅಲ್ಲಾಡಿತು. ಎರಡನೆಯ ಪೀಠದವರು ಅನಸೂಯಾ ತಾಂಡೇಲ. ಕಂಪನಿಯ ಕಾಲದಲ್ಲಿ ಟೆಲಿಫೋನಿನ ಗಂಟೆ ಹೊಡೆದಾಗ ಎದ್ದುನಿಂತು “ಯಾರದು ಕರೆ, ನ್ಯಾಯಾಲಯಕ್ಕೆ ತಿಳಿಸಿ” ಎಂದು ಕೇಳಿ, ಎರಡು ವರ್ಷ ವಕೀಲಿ ಸನದು ಕಳೆದುಕೊಂಡ ಹೆಂಗಸು. ಅವರನ್ನು ಯಾರೂ ಕೊಂಡದ್ದಿಲ್ಲ, ಹೆದರಿಸಿದ್ದಿಲ್ಲ. ಅಧ್ಯಕ್ಷರ ಮನೆಯ ಮದುವೆಗೆ ಹೋಗದೆ ಉಳಿದವರು ದ್ವೀಪದಲ್ಲಿ ಅವರೊಬ್ಬರೇ. ಮಂಕಾಳಿ ಅಂದು ಗಂಡನಿಗೆ ಒಣಮೀನಿನ ಸಾರು ಮಾಡಿ ಹಾಕಿದಳು.

*

ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಎದ್ದು, ಎಣಿಕೆ ಪುಸ್ತಕ ತರಿಸಿ, ಅಂಚಿನ ಪೆನ್ಸಿಲಿನ ಗುರುತಿಗೆ ಬೆರಳಿಟ್ಟರು.

“ಇದು ನಿಮ್ಮ ಅಕ್ಷರವೇ?”

“ಹೌದು.”

“‘ಗಮನಿಸುವುದು’ ಅಂತ ಬರೆದು ಎಂಟು ತಿಂಗಳಾಯ್ತು. ಏನು ಗಮನಿಸಿದ್ರಿ?”

“ಸರಾಸರಿ ಏರಿದ್ದು ಗಮನಿಸಿದೆ.”

“ಯಾರಿಗೆ ಹೇಳಿದ್ರಿ?”

ಗಿರಿಯಣ್ಣ ಗುನಗರ ಕಡೆ ನೋಡಿದ. ಗುನಗರು ಫ್ಯಾನಿನ ಕಡೆ ನೋಡುತ್ತಿದ್ದರು. “ಸಾಕಷ್ಟು ಎಣಿಕೆ ಆಗಲಿ ಅಂತ ಕಾದೆ” ಎಂದ.

“ಎಂಟು ತಿಂಗಳು ಯಾರ್ಯಾರದೋ ಕೇಸು ಹೋಗುವಾಗ ಕಾದ್ರಿ. ನಿಮ್ಮ ಹೆಂಡತಿಯ ತಂಗಿಯ ಕೇಸು ಬಂದ ಮಾರನೇ ದಿನ ಕಾಯೂದು ಮುಗೀತು. ಅಲ್ವೇ?”

ಕೋರ್ಟಿನಲ್ಲಿ ಕೆಲವರು ನಕ್ಕರು. ತಾಂಡೇಲ ಮೇಡಂ ನಗಲಿಲ್ಲ. ಅವರು ಮೂವರು ತಜ್ಞರನ್ನು ನೇಮಿಸಿ, ಕುಂಡವನ್ನು ಅಲುಗಾಡಿಸದೆ ಒಳಗಿನದನ್ನು ಪರೀಕ್ಷಿಸಿ ಒಂಬತ್ತು ದಿನದಲ್ಲಿ ವರದಿ ಕೊಡುವಂತೆ ಆದೇಶಿಸಿದರು. ಗಿರಿಯಣ್ಣ ಕೈಮುಗಿದ.

“ಮೇಡಂ, ಒಂಬತ್ತು ದಿನದೊಳಗೆ ಅಲ್ಲಿ ಮೂರನೇ ಪೀಠದಲ್ಲಿ ಗುಲಾಬಿಯ ಕೇಸು ಮುಗ್ದು ಹೋಗ್ತದೆ. ಅಲ್ಲಿಯವರೆಗೆ ಅದನ್ನೊಂದು ನಿಲ್ಲಿಸ್ಬೇಕು.”

ತಾಂಡೇಲ ಮೇಡಂ ಕನ್ನಡಕ ತೆಗೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ಯೋಚಿಸಿದವರ ದಣಿವಿತ್ತು.

“ನೋಡಿ ಗಿರಿಯಣ್ಣ, ನನ್ನ ಪೀಠಕ್ಕೆ ಅಧ್ಯಕ್ಷರು ಕೈ ಹಾಕುವ ಹಾಗಿಲ್ಲ. ಹಾಗೆಯೇ ವಾಮನರಾಯರ ಪೀಠಕ್ಕೆ ನಾನೂ ಕೈ ಹಾಕುವ ಹಾಗಿಲ್ಲ. ಪಕ್ಕದ ಕೋಣೆಗೆ ಆಜ್ಞೆ ಕಳಿಸುವ ಜಡ್ಜು ಅಂದ್ರೆ ಆ ಹಳೇ ಟೆಲಿಫೋನೇ ಅಲ್ವೇ?”

ಮಾತು ಚೆನ್ನಾಗಿತ್ತು. ವರದಿಗಾರರು ಬರೆದುಕೊಂಡರು.

ವಾಮನರಾಯರಿಗೆ ಒಂಬತ್ತು ದಿನ ಬೇಕಾಗಲಿಲ್ಲ. ಎರಡು ದಿನದಲ್ಲಿ ಸಾಕ್ಷಿ, ವಾದ, ತೀರ್ಪು ಎಲ್ಲ ಮುಗಿಸಿದರು. ಪರದೆಗಳನ್ನು ಬಿಚ್ಚಿ ನೋಡಬೇಕೆಂಬ ಗುಲಾಬಿಯ ಕೋರಿಕೆಯನ್ನು, ಅದರಿಂದ ದ್ವೀಪದ ನೀರು ನಿಲ್ಲುತ್ತದೆಂಬ ಕಾರಣಕ್ಕೆ ತಳ್ಳಿಹಾಕಿದರು. ಹನ್ನೆರಡು ವರ್ಷ. ಮೇಲ್ಮನವಿ ಸಲ್ಲಿಸಲು ಮೇಲಿನ ನ್ಯಾಯಾಲಯ ಇನ್ನೂ ಕಟ್ಟಿರಲಿಲ್ಲ. ಅಡಿಗಲ್ಲು ಹಾಕಿತ್ತು, ಅಧ್ಯಕ್ಷರ ಹೆಸರಿತ್ತು.

ಗಿರಣಿಗೆ ಒಯ್ಯುವ ಮುಂಚೆ ಅಕ್ಕನನ್ನೂ ಭಾವನನ್ನೂ ಐದು ನಿಮಿಷ ಒಳಗೆ ಬಿಟ್ಟರು. ಗುಲಾಬಿ ಆಗಲೇ ಗಿರಣಿಯ ಬೂದು ಅಂಗಿ ಹಾಕಿಕೊಂಡಿದ್ದಳು. ಮಂಕಾಳಿ ಅವಳ ಮೂಗಿಗೆ ಕಟ್ಟಲು ತನ್ನ ಹಳೆಯ ಸೀರೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಹೊಲಿದು ತಂದಿದ್ದಳು.

“ಎಲ್ಲರೂ ಹಂಗೆ ಮಾಡ್ಕೊಂಡೇ ಹೋಗೂದು ಅಕ್ಕ. ಇವರೂ ಮಾಡ್ಕೊಂಡೇ ಹೋಗಿದ್ರು” ಎಂದಳು ಗುಲಾಬಿ, ಗಂಡನನ್ನು ನೆನೆದು. ಆಮೇಲೆ ಗಿರಿಯಣ್ಣನಿಗೆ: “ಭಾವ, ಆ ಸೋಮವಾರ ಇಪ್ಪತ್ತು ಬಂತಲ್ಲ, ನಾ ಒಳಗೆ ಕೂತು ಎಣಿಸ್ತಿದ್ದೆ. ಇಪ್ಪತ್ತಕ್ಕೆ ನಿಂತಾಗ ನಂಗೆ ಕುಣಿಯೂ ಹಂಗಾಯ್ತು. ನನ್ನ ಕೇಸಿಗೆ ಇನ್ನೊಂದು ಸಲ ಎಣಿಸ್ತ್ರು ಅಂತ ತಿಳ್ಕಂಡೆ.”

“ತೀರ್ಪು ಬರ್ಲಿ” ಎಂದ ಗಿರಿಯಣ್ಣ. “ಕುಂಡ ತಪ್ಪು ಅಂತ ಬಂದ್ರೆ ನಿನ್ನ ಎಣಿಕೆಯೂ ತಪ್ಪೇ ಆಗ್ತದೆ. ಲೆಕ್ಕ ಹಂಗೇ ಇರೂದು.”

“ಲೆಕ್ಕ ಹಂಗೇ ಇರ್ತದೆ” ಎಂದಳು ಮಂಕಾಳಿ. ಅದು ಒಪ್ಪಿಗೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

*

ತಜ್ಞರು ಉದ್ದನೆಯ ಕೊಳವೆಯಿಂದ ಕುಂಡದ ಮಣ್ಣನ್ನು ಹೀರಿ ನೋಡಿದರು. ಗಿರಿಯಣ್ಣ ಹೇಳಿದ್ದೆಲ್ಲ ನಿಜವೆಂದು ಬರೆದರು. ತೀರ್ಪಿನ ದಿನ ಜನ ಕಿಟಕಿ, ಕಂಬ, ಎಲ್ಲ ಕಡೆ ಹತ್ತಿದ್ದರು.

ತಾಂಡೇಲ ಮೇಡಂ ಒಂದು ತಾಸು ಓದಿದರು. ಕುಂಡವಿಡಲು ಸಹಿ ಹಾಕಿದ ಮೂವರಲ್ಲಿ ತಾನೂ ಒಬ್ಬಳು, ಅದು ತನ್ನ ತ‍ಪ್ಪು ಎಂದು ಮೊದಲ ಪುಟದಲ್ಲೇ ಒಪ್ಪಿಕೊಂಡರು. ಗಣರಾಜ್ಯದ ಅಧ್ಯಕ್ಷರೇ ಆಗಲಿ, ನ್ಯಾಯದ ಗೆರೆಯೊಳಗೆ ಹೂವನ್ನೂ ಇಡುವಂತಿಲ್ಲ ಎಂದರು. ಕಾಳು ಒಳಗೆ ಹೇಗೆ ಬಂತೆಂಬುದಕ್ಕೆ ಸಾಕ್ಷಿಯಿಲ್ಲದ್ದರಿಂದ ಯಾರನ್ನೂ ಹೊಣೆ ಮಾಡಲಿಲ್ಲ. ಕುಂಡವನ್ನು ಈ ಕ್ಷಣವೇ ನಾಲ್ಕಡಿ ಎಡಕ್ಕೆ ಸರಿಸತಕ್ಕದ್ದು ಎಂದರು. ಹೊರಗೆ ಯಾರೋ ಶಂಖ ಊದಿದರು. ಜೈಕಾರ, ಕೂಗು, ಅಳು. ಹೊನ್ನಿ ಬುಟ್ಟಿಯನ್ನು ಕೆಳಗಿಟ್ಟು ಕುಣಿದಳು.

ಆ ಗದ್ದಲದಲ್ಲಿ ನಲವತ್ತನೆಯ ಪುಟ ಮುಂದಿನ ಬೆಂಚಿನವರಿಗೆ ಮಾತ್ರ ಕೇಳಿತು. ಕುಂಡವಿದ್ದ ಅವಧಿಯಲ್ಲಿ ಇನ್ನೂರ ಹದಿನಾಲ್ಕು ಮೊಕದ್ದಮೆಗಳು ಹಂಚಿಕೆಯಾಗಿವೆ, ನೂರ ಎಂಬತ್ತಮೂರು ಮೂರನೆಯ ಪೀಠಕ್ಕೆ ಹೋಗಿವೆ. ಅವನ್ನೆಲ್ಲ ಮತ್ತೆ ತೆರೆದರೆ ಗೋಡೆ ಕಟ್ಟಿದವರು ಕೆಡವಬೇಕು, ದೋಣಿ ಪಡೆದವರು ಮರಳಿಸಬೇಕು. ಎಳೆಯ ಗಣರಾಜ್ಯದಲ್ಲಿ ನ್ಯಾಯಾಲಯದ ಮೇಲೆ ಜನರಿಟ್ಟ ನಂಬಿಕೆ ಅದನ್ನು ತಾಳಲಾರದು. ಆದ್ದರಿಂದ ಈ ಆದೇಶ ಇಂದಿನಿಂದ ಮುಂದಕ್ಕೆ ಮಾತ್ರ ಅನ್ವಯಿಸತಕ್ಕದ್ದು.

ಗಿರಿಯಣ್ಣ ಎದ್ದುನಿಂತ. “ಗುಲಾಬಿ?” ಎಂದ. ಅದೊಂದೇ ಮಾತು.

ತಾಂಡೇಲ ಮೇಡಂ ಅರ್ಜಿಯ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದರು. ನಿಜವಾಗಿಯೂ ಹುಡುಕಿದರು.

“ಆ ಹೆಸರು ಈ ಅರ್ಜಿಯಲ್ಲಿಲ್ಲ” ಎಂದರು.

“ಬೇರೆ ಅರ್ಜಿ ಹಾಕ್ತೆ ಮೇಡಂ.”

“ಹಾಕಬಹುದು. ಆದರೆ ಈ ವಿಷಯ ಈಗ ತೀರ್ಮಾನವಾಗಿದೆ. ಎಣಿಕೆ ಯಾರ ಪೀಠಕ್ಕೆ ಬಂದರೂ ಅವರು ನನ್ನ ಈ ನಲವತ್ತನೆಯ ಪುಟ ತೋರಿಸ್ತಾರೆ.” ಅರ್ಜಿಯ ಹಾಳೆಗಳನ್ನು ಜೋಡಿಸುತ್ತ, “ನಾನೂ ತೋರಿಸಬೇಕಾಗ್ತದೆ” ಎಂದರು.

ಆದರೂ ಗಿರಿಯಣ್ಣ ಅರ್ಜಿ ಹಾಕಿದ. ಕುಂಡವಿಲ್ಲದ ಪೆಟ್ಟಿಗೆ ಹದಿನಾರು ಎಣಿಸಿತು. ಒಂದನೆಯ ಪೀಠದ ಮುದಿ ನ್ಯಾಯಾಧೀಶರು ನಲವತ್ತನೆಯ ಪುಟವನ್ನು ಓದಿ ಹೇಳಿ ಅರ್ಜಿಯನ್ನು ವಜಾ ಮಾಡಿದರು. ಎಣಿಕೆ ಬಹಳ ನ್ಯಾಯವಾಗಿತ್ತು. ಅವನು ಅದನ್ನು ಪುಸ್ತಕದಲ್ಲಿ ಬರೆದ. ಅಂಚಿನಲ್ಲಿ ಏನನ್ನೂ ಬರೆಯಲಿಲ್ಲ.

ಪ್ರತಿ ಭಾನುವಾರ ಮಂಕಾಳಿ ಗಿರಣಿಯ ಬಾಗಿಲಿಗೆ ಬಟ್ಟೆಯ ಹೊಸ ಮಡಿಕೆಗಳನ್ನು ಒಯ್ದು, ಹಳೆಯದನ್ನು ತರುತ್ತಿದ್ದಳು. ಹಳೆಯದನ್ನು ಹಿತ್ತಲಿನ ಹಗ್ಗದ ಮೇಲೆ ಒಣಹಾಕಿದಾಗ ಗಿರಿಯಣ್ಣ ಒಮ್ಮೆ ಮೀಟರು ಹಿಡಿಯಲು ಹೋದ. “ಬೇಡ” ಎಂದಳು ಅವಳು. “ಎಣಿಸಿದ್ದು ಸಾಕು.”

ಗಣರಾಜ್ಯದ ನಾಲ್ಕನೆಯ ವರ್ಷಾಚರಣೆಯಲ್ಲಿ ಅಧ್ಯಕ್ಷರು ತಾಂಡೇಲ ಮೇಡಂ ಅವರ ತೀರ್ಪನ್ನು ಹೊಗಳಿ ಮಾತಾಡಿದರು. ತಮ್ಮದೇ ಕುಂಡವನ್ನು ತಮ್ಮದೇ ನ್ಯಾಯಾಲಯ ಸರಿಸಿತೆಂದರೆ ಸ್ವತಂತ್ರ ನ್ಯಾಯಾಂಗಕ್ಕೆ ಬೇರೆ ಪುರಾವೆ ಬೇಕೇ ಎಂದು ಕೇಳಿದರು. ಬೇಡವೆಂದು ಜನ ಚಪ್ಪಾಳೆ ತಟ್ಟಿದರು. ಒಂದನೆಯ ಪೀಠದವರಿಗೆ ವಯಸ್ಸಾದ್ದರಿಂದ ಆ ಜಾಗಕ್ಕೆ ಅಧ್ಯಕ್ಷರು ಹೊಸಬರೊಬ್ಬರನ್ನು ನೇಮಿಸಿದರು. ನ್ಯಾಯಾಧೀಶರನ್ನು ಯಾರು ನೇಮಿಸಬೇಕೆಂಬ ಬಗ್ಗೆ ಸಂವಿಧಾನದಲ್ಲಿ ಒಂದೇ ಸಾಲಿದೆ: ‘ಅಧ್ಯಕ್ಷರು ನೇಮಿಸತಕ್ಕದ್ದು.’ ಬರೆಯುವಾಗ ಎಲ್ಲರ ಗಮನ ಪೆಟ್ಟಿಗೆಯ ಮೇಲಿತ್ತು.

ಗುಲಾಬಿ ಒಣಗಿರಣಿಗೆ ಹೋದ ಹದಿನಾಲ್ಕನೆಯ ತಿಂಗಳಲ್ಲಿ ತೀರಿಕೊಂಡಳು. ಕುಂಡ ಈಗ ಗೆರೆಯ ಹೊರಗಿದೆ.